ಬಲತೋಳಿನ ಮೇಲೊಂದು ಬೂದುಗೆರೆ

ನನ್ನ ಬಳಿ ಇರುವ ಜೆರ್ಸಿಗಳಲ್ಲಿ ನಾನು ಅತಿ ಹೆಚ್ಚು ಸಲ ಹೊರತೆಗೆದು ನೋಡಿರುವುದು ಒಂದು ಬಿಳಿಯ ಜೆರ್ಸಿಯನ್ನು. ಮಂಜುಗಡ್ಡೆಯ ಮೇಲೆ ಆಡುವ ಹಾಕಿಗೆ ಅಮೆರಿಕ ಮತ್ತು ಕೆನಡಾಗಳಲ್ಲಿರುವ ಅತ್ಯುನ್ನತ ಲೀಗ್ ಎನ್‌ಎಚ್‌ಎಲ್. ಆ ಲೀಗ್‌ನ ಒಂದು ತಂಡದ ಎರಡನೆಯ ಗೋಲ್‌ಕೀಪರ್ 1996-97ರಲ್ಲಿ ಅದನ್ನು ತೊಟ್ಟಿದ್ದರು. ಆ ಋತುವಿನಲ್ಲಿ ಅವರು ಸ್ವಂತ ಅಂಗಳದಲ್ಲಿ ಆಡಿದ್ದು ಒಂದೇ ಒಂದು ಪಂದ್ಯದ ಕೊನೆಯ 20 ನಿಮಿಷಗಳನ್ನು. ಇಂದು ಅವರು ಆಟದ ಲೋಕದಿಂದ ದೂರವಾಗಿ, ಎಲ್ಲರಂತೆ ಬದುಕುತ್ತಿರುವುದರಿಂದ ಅವರ ಹೆಸರನ್ನಾಗಲಿ ತಂಡದ ಹೆಸರನ್ನಾಗಲಿ ನಾನಿಲ್ಲಿ ಬರೆಯುವುದಿಲ್ಲ. ಆ ಜೆರ್ಸಿಯ ಬಲತೋಳಿನ ಒಳಬದಿಯಲ್ಲಿ, ಮೊಣಕೈಗೂ ಮಣಿಕಟ್ಟಿಗೂ ನಡುವೆ, ಎರಡು ಬೆರಳಗಲದ ಬೂದುಬಣ್ಣದ ಗೆರೆಯೊಂದಿದೆ. ಅದು ಹೇಗೆ ಬಂತೆಂಬುದನ್ನು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು.

ಪಂದ್ಯದಲ್ಲಿ ಆಟಗಾರರು ನಿಜವಾಗಿ ತೊಟ್ಟ ಜೆರ್ಸಿಗಳನ್ನು ಕೂಡಿಡುವ ಹವ್ಯಾಸ ಅಲ್ಲಿ ಬಹಳ ಬೆಳೆದಿದೆ. ಹೆಚ್ಚಿನವರು ಗೋಲು ಹೊಡೆಯುವವರ ಜೆರ್ಸಿಗಳ ಹಿಂದೆ ಹೋಗುತ್ತಾರೆ. 1972ರ ಕೆನಡಾ-ಸೋವಿಯತ್ ಸರಣಿಯಲ್ಲಿ ಗೆಲುವಿನ ಗೋಲು ಹೊಡೆದ ಪಾಲ್ ಹೆಂಡರ್ಸನ್ ಅವರ ಜೆರ್ಸಿ 2010ರ ಹರಾಜಿನಲ್ಲಿ 10 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ ಹೋಯಿತು. ಗೋಲ್‌ಕೀಪರ್‌ಗಳ ಜೆರ್ಸಿ ಸಂಗ್ರಹಿಸುವವರು ಕಡಿಮೆ. ಅವರಲ್ಲಿಯೂ ಹೆಸರಾಂತರನ್ನು ಬಿಟ್ಟು, ದಾಖಲೆ ಪುಸ್ತಕದಲ್ಲಿ ಒಂದೆರಡು ಸಾಲಿಗೆ ಮುಗಿದುಹೋದ ಗೋಲ್‌ಕೀಪರ್‌ಗಳನ್ನು ಹುಡುಕುವವರು ಇನ್ನೂ ಕಡಿಮೆ. ನಾನು ಆ ಕೊನೆಯ ಗುಂಪಿಗೆ ಸೇರಿದವನು. ಕಡಿಮೆ ಹಣಕ್ಕೆ ಸಿಗುತ್ತವೆ ಎಂಬುದು ನನ್ನ ಆರಂಭದ ಕಾರಣವಾಗಿತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದೊಂದೇ ಆಗಿದ್ದರೆ ಇಷ್ಟು ವರ್ಷ ಇದರಲ್ಲಿ ಉಳಿಯುತ್ತಿರಲಿಲ್ಲ.

ಗೋಲ್‌ಕೀಪರ್‌ನ ಜೆರ್ಸಿ ಉಳಿದವರದಕ್ಕಿಂತ ಬೇರೆಯೇ ಅಳತೆಯದು. ಎದೆ, ಭುಜ, ತೋಳುಗಳನ್ನು ಮುಚ್ಚುವ ದಪ್ಪನೆಯ ರಕ್ಷಾಕವಚದ ಮೇಲೆ ಅದನ್ನು ತೊಡಬೇಕಾಗಿರುವುದರಿಂದ ಮೈ ಅಗಲವಾಗಿರುತ್ತದೆ, ತೋಳುಗಳು ಜೋಳಿಗೆಯಂತೆ ಸಡಿಲವಾಗಿರುತ್ತವೆ. ಈ ವಿಶೇಷ ಅಳತೆಗೆ ಗೋಲಿ ಕಟ್ ಎಂದು ಹೆಸರು. ಬಟ್ಟೆಯ ಅಗಲವೇ ಪಕ್ ಅನ್ನು, ಅಂದರೆ ಈ ಆಟದಲ್ಲಿ ಚೆಂಡಿನ ಬದಲಿರುವ ಬಿಲ್ಲೆಯನ್ನು, ತಡೆಯುವ ಸಾಧನವಾಗಿಬಿಡಬಾರದೆಂದು ಲೀಗ್‌ನ ನಿಯಮಪುಸ್ತಕ ಈ ಜೆರ್ಸಿಗೆ ಪ್ರತ್ಯೇಕ ಕಟ್ಟಳೆಗಳನ್ನು ಹಾಕಿದೆ. ಮಣಿಕಟ್ಟಿನ ಬಳಿ ಜೆರ್ಸಿಯನ್ನು ಬಿಗಿದು ಕಟ್ಟಿ, ಕಂಕುಳಿನಲ್ಲಿ ಬಾತುಕೋಳಿಯ ಪಾದದ ಪೊರೆಯಂತೆ ಬಟ್ಟೆ ಹರಡಿಕೊಳ್ಳುವಂತೆ ಮಾಡಬಾರದು. ತಯಾರಕರು ಕೊಟ್ಟ ಜೆರ್ಸಿಗೆ ಹೆಚ್ಚುವರಿ ತುಂಡನ್ನು ಸೇರಿಸಿ ಹೊಲಿಯಬಾರದು. ಜೆರ್ಸಿಯ ಉದ್ದ ಕಾಲುಗಳ ನಡುವಿನ ಸಂದನ್ನು ಮುಚ್ಚುವಂತಿರಬಾರದು. ಗೋಲಿನ ಬಾಯಿ 6 ಅಡಿ ಅಗಲ, 4 ಅಡಿ ಎತ್ತರ ಮಾತ್ರ. ಆ ಇಕ್ಕಟ್ಟಿನಲ್ಲಿ ಒಂದಂಗುಲ ಬಟ್ಟೆಗೂ ಬೆಲೆಯಿದೆ.

ಹೀಗಾಗಿ ಜೆರ್ಸಿಯನ್ನು ಕೈಗೆತ್ತಿಕೊಂಡಾಗ ನಾನು ಮೊದಲು ನೋಡುವುದು ತೋಳಿನ ಅಂಚನ್ನು, ಆಮೇಲೆ ಕಂಕುಳನ್ನು. ಎಡಗೈಯಲ್ಲಿ ಪಕ್ ಹಿಡಿಯುವ ಗ್ಲೌ, ಬಲಗೈಯಲ್ಲಿ ಚಪ್ಪಟೆ ಹಲಗೆಯಂತಿರುವ ಬ್ಲಾಕರ್ ಇರುತ್ತವೆ. ಅವುಗಳ ಗಟ್ಟಿಯಾದ ಅಂಚುಗಳು ಗಂಟೆಗಟ್ಟಲೆ ಉಜ್ಜಿ ಎರಡೂ ತೋಳುಗಳ ತುದಿಯಲ್ಲಿ ಗುಂಜು ಏಳುತ್ತದೆ. ವೆಲ್ಕ್ರೋ ಪಟ್ಟಿಗಳು ತಾಗಿದಲ್ಲಿ ಬಟ್ಟೆಯ ಎಳೆಗಳು ಕಿತ್ತು ನಿಲ್ಲುತ್ತವೆ. ಪಕ್ ಎನ್ನುವುದು ಗಟ್ಟಿ ರಬ್ಬರಿನ ಬಿಲ್ಲೆ, 3 ಅಂಗುಲ ವ್ಯಾಸ, 1 ಅಂಗುಲ ದಪ್ಪ. ಪಂದ್ಯಕ್ಕೆ ಮೊದಲು ಅದನ್ನು ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿಟ್ಟಿರುತ್ತಾರೆ. ಅದು ಎದೆಗೆ ಬಡಿದಲ್ಲಿ ಕಪ್ಪನೆಯ, ಅರ್ಧಚಂದ್ರಾಕಾರದ ಸಣ್ಣ ಗುರುತು ಬೀಳುತ್ತದೆ. ಗೋಲಿನ ಕಂಬಗಳು ಕೆಂಪಾಗಿರುವುದರಿಂದ, ಕಂಬಕ್ಕೆ ಮೈಯೊತ್ತಿ ನಿಲ್ಲುವ ಗೋಲ್‌ಕೀಪರ್‌ನ ಭುಜದ ಮೇಲೆ ಕೆಂಪು ಬಣ್ಣದ ತೀಡು ಕಾಣಿಸಿಕೊಳ್ಳುತ್ತದೆ. ಎದುರಾಳಿಯ ಕೋಲಿಗೆ ಸುತ್ತಿದ ಟೇಪಿನ ಕಪ್ಪು, ಸ್ಕೇಟಿನ ಅಲಗು ಸೀಳಿದ ಕಡೆ ತಂಡದವರು ಹಾಕಿದ ಹೊಲಿಗೆ, ಇವೆಲ್ಲ ಒಂದರ ಮೇಲೊಂದು ಬಂದಿರುತ್ತವೆ. ಹೊಲಿಗೆ ಹಾಕುವವರು ತಂಡದ ಸಲಕರಣೆಗಳ ಉಸ್ತುವಾರಿ ನೋಡುವವರೇ. ಅವರಿಗೆ ಅಂದಚೆಂದದ ಚಿಂತೆಯಿಲ್ಲ. ಮುಂದಿನ ಅವಧಿ ಆರಂಭವಾಗುವುದರೊಳಗೆ ಹರಕು ಮುಚ್ಚಿದರೆ ಸಾಕು. ಕೈಗೆ ಸಿಕ್ಕ ದಾರದಲ್ಲಿ ಅವಸರವಾಗಿ ಹಾಕಿದ ಆ ಒರಟು ಹೊಲಿಗೆಯನ್ನು ಸಂಗ್ರಾಹಕರು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುತ್ತಾರೆ, ನಾನೂ ಮೆಚ್ಚುತ್ತೇನೆ.

ಸವೆತ ಹೆಚ್ಚಿದ್ದಷ್ಟೂ ಜೆರ್ಸಿ ಒಳ್ಳೆಯದು ಎಂಬುದು ಈ ಹವ್ಯಾಸದ ಮೊದಲ ಪಾಠ. ನಾನೂ ಅದನ್ನೇ ಕಲಿತು ಬಂದವನು. ಆದ್ದರಿಂದಲೇ ಆ ಬಿಳಿ ಜೆರ್ಸಿಯ ಪೊಟ್ಟಣವನ್ನು ಬಿಚ್ಚಿದ ದಿನ ನನಗೆ ಮೋಸವಾಯಿತೆಂದು ಅನ್ನಿಸಿತು. ಮಾರಿದವರು ಅದನ್ನು ಪಂದ್ಯದಲ್ಲಿ ತೊಟ್ಟದ್ದೆಂದು ಹೇಳಿದ್ದರು. ನಾನು ಕಂಡದ್ದು ಎದೆಯ ಮೇಲೆ ಎರಡು ಮಸುಕಾದ ಕಪ್ಪು ಗುರುತುಗಳನ್ನು, ಅಷ್ಟೆ. ಭುಜದಲ್ಲಿ ಕೆಂಪಿಲ್ಲ, ಹೊಲಿಗೆ ಬಿದ್ದಿಲ್ಲ, ತೋಳಿನ ತುದಿಯಲ್ಲಿ ಅಲ್ಪಸ್ವಲ್ಪ ಗುಂಜು. ಪಂದ್ಯಕ್ಕೆಂದು ಸಿದ್ಧಪಡಿಸಿ, ಆದರೆ ತೊಡದೆ ಉಳಿದ ಜೆರ್ಸಿಗಳ ವರ್ಗವೇ ಬೇರೆ, ಅವುಗಳ ಬೆಲೆಯೂ ಬಹಳ ಕಡಿಮೆ. ನನ್ನದು ಅದಕ್ಕೇ ಸೇರಿದ್ದೆಂದು ತೀರ್ಮಾನಿಸಿ ಮಡಿಸಿಟ್ಟುಬಿಟ್ಟೆ.

ಹಲವು ತಿಂಗಳ ಬಳಿಕ ಇನ್ನೊಂದು ಜೆರ್ಸಿಯೊಡನೆ ಹೋಲಿಸಲು ಅದನ್ನು ಒಳಮೈ ಹೊರಗೆ ಮಾಡಿ ಹಾಸಿದಾಗ ನನ್ನ ತೀರ್ಮಾನ ಅಲುಗಾಡಿತು. ಈ ಜೆರ್ಸಿಗಳ ಬೆನ್ನಿನ ಒಳಭಾಗದ ಕೆಳಗಡೆ ಫೈಟ್ ಸ್ಟ್ರಾಪ್ ಎಂಬ ಪಟ್ಟಿಯೊಂದನ್ನು ಹೊಲಿದಿರುತ್ತಾರೆ. ಜಗಳವಾದಾಗ ಎದುರಾಳಿ ಜೆರ್ಸಿಯನ್ನು ತಲೆಯ ಮೇಲಕ್ಕೆ ಎಳೆಯದಂತೆ, ಅಥವಾ ಆಟಗಾರನೇ ಅದನ್ನು ಕಳಚಿ ಎಸೆಯದಂತೆ, ಅದನ್ನು ಚಡ್ಡಿಗೆ ಬಿಗಿಯುವ ಪಟ್ಟಿಯದು. ಬಫಲೋ ತಂಡದ ರಾಬ್ ರೇ ಜಗಳಕ್ಕೆ ನಿಂತಾಗಲೆಲ್ಲ ಜೆರ್ಸಿಯನ್ನು ಕಳಚಿಬಿಡುತ್ತಿದ್ದುದರಿಂದ 1990ರ ದಶಕದಲ್ಲಿ ಲೀಗ್ ಅದನ್ನು ಬಿಗಿಯಲೇಬೇಕೆಂದು ಕಡ್ಡಾಯ ಮಾಡಿತು. ನನ್ನ ಬಿಳಿ ಜೆರ್ಸಿಯ ಆ ಪಟ್ಟಿ ಹತ್ತಾರು ಸಲ ಸಿಕ್ಕಿಸಿ ಬಿಚ್ಚಿ ಅಂಚೆಲ್ಲ ನೂಲುನೂಲಾಗಿತ್ತು. ಕೊರಳಪಟ್ಟಿಯ ಒಳಬದಿ ಬೆವರಿನಿಂದ ಹಳದಿಗೆ ತಿರುಗಿತ್ತು. ಒಂದು ಸಂಜೆ ತೊಟ್ಟು ಬಿಟ್ಟ ಜೆರ್ಸಿಗೆ ಹೀಗಾಗುವುದಿಲ್ಲ. ಯಾರೋ ಅದನ್ನು ಇಡೀ ಚಳಿಗಾಲ ತೊಟ್ಟಿದ್ದರು, ಹೊರಮೈಯಲ್ಲಿ ಮಾತ್ರ ಆಟದ ಗುರುತಿರಲಿಲ್ಲ. ಬಲತೋಳಿನ ಬೂದುಗೆರೆ ನನ್ನ ಕಣ್ಣಿಗೆ ಬಿದ್ದದ್ದೂ ಅಂದೇ.

ಮೀಸಲು ಗೋಲ್‌ಕೀಪರ್‌ನ ಕೆಲಸವೇನೆಂಬುದನ್ನು ನಾನು ಸರಿಯಾಗಿ ಯೋಚಿಸಿದ್ದು ಆ ರಾತ್ರಿ. ಪ್ರತಿ ಪಂದ್ಯಕ್ಕೂ ಆತ ಪ್ಯಾಡು, ಕವಚ, ಜೆರ್ಸಿ ಎಲ್ಲವನ್ನೂ ಕಟ್ಟಿಕೊಳ್ಳುತ್ತಾನೆ. ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಸಹ ಆಟಗಾರರ ಹೊಡೆತಗಳನ್ನು ತಡೆಯುತ್ತಾನೆ. ಅನಂತರ ತಲೆಗೊಂದು ಟೋಪಿ ಹಾಕಿಕೊಂಡು ಬೆಂಚಿನ ಕೊನೆಯಲ್ಲಿ ಕೂರುತ್ತಾನೆ. ಮುಖ್ಯ ಗೋಲ್‌ಕೀಪರ್‌ಗೆ ಪೆಟ್ಟಾದರೆ, ಇಲ್ಲವೇ ಆತ ಮೇಲಿಂದ ಮೇಲೆ ಗೋಲು ಬಿಟ್ಟರೆ ಮಾತ್ರ ಇವನ ಸರದಿ. ಸ್ನಾಯುಗಳು ತಣ್ಣಗಾಗಿರುವ ಹೊತ್ತಿನಲ್ಲಿ, ಸೋಲುತ್ತಿರುವ ತಂಡದ ಪರವಾಗಿ, ಒಂದು ನಿಮಿಷವೂ ಕೊಡದೆ ಇಳಿಸುತ್ತಾರೆ. ಇಂಥ ಸನ್ನದ್ಧ ಕಾಯುವಿಕೆಯನ್ನು ಅಂಕಿಅಂಶಗಳು ಹೇಳುವುದಿಲ್ಲ. ಬೆಂಚಿನಲ್ಲಿ ಕುಳಿತ ರಾತ್ರಿ ದಾಖಲೆಯಲ್ಲಿ ಸೊನ್ನೆ. ಅದು ಬರೆದಿರುವುದು ಆ ಬಟ್ಟೆಯಲ್ಲಿ ಮಾತ್ರ, ಅದೂ ಒಳಮೈಯಲ್ಲಿ. ಅಂದಿನಿಂದ ನಾನು ಮೀಸಲು ಗೋಲ್‌ಕೀಪರ್‌ಗಳ ಜೆರ್ಸಿಗಳನ್ನು ಹೊರಗಿನ ಸವೆತದಿಂದ ಅಳೆಯುವುದನ್ನು ಬಿಟ್ಟೆ.

ಎರಡನೆಯ ಗೋಲ್‌ಕೀಪರ್ ಎಂಬ ಹುದ್ದೆಯೇ ಎನ್‌ಎಚ್‌ಎಲ್‌ನಲ್ಲಿ ತಡವಾಗಿ ಬಂದದ್ದು. ಪ್ರತಿ ಪಂದ್ಯಕ್ಕೂ ಇಬ್ಬರು ಗೋಲ್‌ಕೀಪರ್‌ಗಳು ಸಿದ್ಧರಾಗಿರಬೇಕೆಂಬ ನಿಯಮ ಕಡ್ಡಾಯವಾದದ್ದು 1965-66ರ ಋತುವಿನಿಂದ. ಅದಕ್ಕೆ ಮೊದಲು ಗೋಲ್‌ಕೀಪರ್‌ಗೆ ಗಾಯವಾದರೆ ಪಂದ್ಯ ನಿಲ್ಲಿಸಿ ಹೊಲಿಗೆ ಹಾಕಿಸಿ ಮತ್ತೆ ಇಳಿಸುತ್ತಿದ್ದರು. ಆಗದಿದ್ದರೆ ಅಂಗಳದಲ್ಲಿ ಯಾರು ಸಿಕ್ಕರೆ ಅವರು. ಗ್ಲೆನ್ ಹಾಲ್ 1955ರಿಂದ 1962ರವರೆಗೆ 502 ಪಂದ್ಯಗಳನ್ನು ಒಂದನ್ನೂ ಬಿಡದೆ ಆಡಿದ್ದು ಆ ಕಾಲದಲ್ಲಿ. 1928ರ ಏಪ್ರಿಲ್ 7ರಂದು ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್ ಸರಣಿಯ ಪಂದ್ಯವೊಂದರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ನ ಲಾರ್ನ್ ಶಾಬೊ ಅವರ ಕಣ್ಣಿಗೆ ಪಕ್ ಬಡಿದಾಗ, ತಂಡದ ತರಬೇತುದಾರ ಲೆಸ್ಟರ್ ಪ್ಯಾಟ್ರಿಕ್ ತಮ್ಮ 44ನೆಯ ವಯಸ್ಸಿನಲ್ಲಿ ತಾವೇ ಗೋಲಿನಲ್ಲಿ ನಿಂತರು, ತಂಡ ಹೆಚ್ಚುವರಿ ಅವಧಿಯಲ್ಲಿ ಗೆದ್ದಿತು. ಆ ಕಥೆ ಎಲ್ಲರಿಗೂ ಗೊತ್ತು. ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಲೆಫ್ಟಿ ವಿಲ್ಸನ್ ಅವರದು. ಅವರು ಡೆಟ್ರಾಯ್ಟ್ ರೆಡ್ ವಿಂಗ್ಸ್‌ನ ಸಹಾಯಕ ಟ್ರೇನರ್, ಅಂದರೆ ಆಟಗಾರರ ಮೈಗೂ ಸಲಕರಣೆಗಳಿಗೂ ಆರೈಕೆ ಮಾಡುವವರು. 1950ರ ದಶಕದಲ್ಲಿ ಮೂರು ಸಲ ಅವರು ಗೋಲ್‌ಕೀಪರ್ ಆಗಿ ಇಳಿಯಬೇಕಾಯಿತು: ಒಮ್ಮೆ ತಮ್ಮದೇ ಡೆಟ್ರಾಯ್ಟ್‌ಗಾಗಿ, ಇನ್ನೆರಡು ಸಲ ಎದುರಾಳಿಗಳಾದ ಟೊರಾಂಟೊ ಮತ್ತು ಬಾಸ್ಟನ್‌ಗಳಿಗಾಗಿ. ಹಗಲೆಲ್ಲ ತಾವು ಸಿದ್ಧಪಡಿಸಿದ ಆಟಗಾರರ ಹೊಡೆತಗಳನ್ನೇ ಸಂಜೆ ತಡೆಯುತ್ತ ನಿಂತ ಆ ಮನುಷ್ಯ ತೊಟ್ಟ ಜೆರ್ಸಿ ಎಲ್ಲಾದರೂ ಉಳಿದಿದ್ದರೆ, ನನ್ನ ಸಂಗ್ರಹವನ್ನೆಲ್ಲ ಕೊಟ್ಟಾದರೂ ಅದನ್ನು ಒಮ್ಮೆ ಮುಟ್ಟಿ ನೋಡುವ ಆಸೆ ನನಗಿದೆ.

ಆ ಕಾಲದ್ದು ಉಳಿದಿರುವ ಸಂಭವವೇ ಕಡಿಮೆ. ಆಗ ಜೆರ್ಸಿ ಸಂಗ್ರಹಿಸುವ ವಸ್ತುವಾಗಿರಲಿಲ್ಲ, ಉಪಯೋಗದ ಬಟ್ಟೆಯಾಗಿತ್ತು. ಒಂದು ಋತು ಮುಗಿದ ಮೇಲೆ ತರಬೇತಿ ಶಿಬಿರಕ್ಕೆ, ಅಲ್ಲಿಂದ ಅಭ್ಯಾಸಕ್ಕೆ, ಅಲ್ಲಿಂದ ಕೆಳಹಂತದ ಲೀಗ್‌ನ ತಂಡಕ್ಕೆ ಹೋಗಿ, ಹರಿದು ಚಿಂದಿಯಾಗುವವರೆಗೂ ದುಡಿಯುತ್ತಿತ್ತು. ಗೋಲ್‌ಕೀಪರ್ ಅಳತೆಯವು ಸಂಖ್ಯೆಯಲ್ಲೇ ಕಡಿಮೆ ಇದ್ದುದರಿಂದ ಅವು ಇನ್ನಷ್ಟು ಕೈ ಬದಲಾಯಿಸುತ್ತಿದ್ದವು. ಕೆಳಹಂತದಿಂದ ಯಾರನ್ನಾದರೂ ತುರ್ತಾಗಿ ಕರೆಸಿಕೊಂಡಾಗ ಹಳಬನ ಹೆಸರಿನ ಪಟ್ಟಿಯನ್ನು ಬಿಚ್ಚಿ ಹೊಸಬನದನ್ನು ಹೊಲಿಯುತ್ತಿದ್ದರು. ಬೆನ್ನನ್ನು ಬೆಳಕಿಗೆ ಹಿಡಿದರೆ ಹಳೆಯ ಹೊಲಿಗೆಯ ಸೂಜಿತೂತುಗಳು ಸಾಲಾಗಿ ಕಾಣುತ್ತವೆ. ನನ್ನಲ್ಲಿರುವ ಒಂದು ಜೆರ್ಸಿಯಲ್ಲಿ ಅಂಥ ಮೂರು ಸಾಲುಗಳಿವೆ. ಮೂವರು ಗೋಲ್‌ಕೀಪರ್‌ಗಳು ಒಂದೇ ಅಂಗಿಯಲ್ಲಿ ತಮ್ಮ ಅವಕಾಶಕ್ಕಾಗಿ ಕಾದಿದ್ದಾರೆ. ಕೊನೆಯವನ ಹೆಸರು ಮಾತ್ರ ಉಳಿದಿದೆ. ಉಳಿದಿಬ್ಬರ ಹೆಸರುಗಳ ಉದ್ದವನ್ನಷ್ಟೇ ತೂತುಗಳಿಂದ ಊಹಿಸಬಹುದು.

ಬೆನ್ನಿನ ಮೇಲೆ ಹೆಸರಿರುವುದೂ ಬಹಳ ಹಳೆಯ ವಾಡಿಕೆಯಲ್ಲ. ಎನ್‌ಎಚ್‌ಎಲ್ ಅದನ್ನು ಕಡ್ಡಾಯ ಮಾಡಿದ್ದು 1977-78ರಲ್ಲಿ. ಹೆಸರು ಹಾಕಿದರೆ ತಮ್ಮ ಅಂಗಳದಲ್ಲಿ ಮಾರುವ ಕಾರ್ಯಕ್ರಮ ಪುಸ್ತಿಕೆಯನ್ನು ಯಾರೂ ಕೊಳ್ಳುವುದಿಲ್ಲವೆಂದು ಟೊರಾಂಟೊ ತಂಡದ ಮಾಲೀಕ ಹೆರಾಲ್ಡ್ ಬಲ್ಲಾರ್ಡ್ ಪ್ರತಿಭಟಿಸಿ, ನೀಲಿ ಜೆರ್ಸಿಯ ಮೇಲೆ ನೀಲಿ ಅಕ್ಷರಗಳನ್ನೇ ಹೊಲಿಸಿದ್ದರು. ಅದಕ್ಕೆ ಮೊದಲಿನ ಜೆರ್ಸಿಗಳಲ್ಲಿ ಗುರುತಿಗೆ ಸಿಗುವುದು ಸಂಖ್ಯೆಯೊಂದೇ. ಗೋಲ್‌ಕೀಪರ್‌ಗಳು ರೂಢಿಯಾಗಿ 1, 30, 31, 35ರಂಥ ಕೆಲವೇ ಸಂಖ್ಯೆಗಳನ್ನು ಹಾಕಿಕೊಳ್ಳುವುದರಿಂದ, ಒಂದೇ ತಂಡದ 30ನೆಯ ಸಂಖ್ಯೆಯಲ್ಲಿ ಹತ್ತು ವರ್ಷಗಳಲ್ಲಿ ಐದಾರು ಜನ ಬಂದು ಹೋಗಿರುತ್ತಾರೆ. 1995-96ರಲ್ಲಿ ಬಫಲೋಗೆ ಬಂದ ಹದಿಹರೆಯದ ಮಾರ್ಟಿನ್ ಬಿರೋನ್ ಎರಡು ಸೊನ್ನೆಗಳ ಸಂಖ್ಯೆಯನ್ನು ಹಾಕಿಕೊಂಡಿದ್ದರು. ಆ ಬಳಿಕ ಲೀಗ್ ಸೊನ್ನೆಗೆ ಅವಕಾಶವನ್ನೇ ಕೊಡಲಿಲ್ಲ. ಅಂಥ ಸಂಖ್ಯೆ ಸಿಕ್ಕಿದರೆ ಕೆಲಸ ಸುಲಭ. ನನಗೆ ಸಿಗುವುದೆಲ್ಲ 30 ಮತ್ತು 31.

ಈ ಸಂಖ್ಯೆಗಳ ಹಂಚಿಕೆಯಿಂದಲೇ ನನಗೆ ಅತ್ಯಂತ ನೋವು ಕೊಡುವ ಒಂದು ಕೆಲಸ ನಡೆಯುತ್ತದೆ. ಹೆಸರಿಲ್ಲದವರ ಜೆರ್ಸಿಯನ್ನು ಯಾರೂ ನಕಲು ಮಾಡುವುದಿಲ್ಲ, ಹಾಗಾಗಿ ಈ ಮೂಲೆ ಸುರಕ್ಷಿತ ಎಂದು ನಾನು ಆರಂಭದಲ್ಲಿ ನಂಬಿದ್ದೆ. ನಕಲು ಮಾಡುವುದಿಲ್ಲ ಎಂಬುದು ನಿಜ. ಆದರೆ ಮೋಸಗಾರರಿಗೆ ಅವು ಕಚ್ಚಾ ಸಾಮಗ್ರಿ. ಮೀಸಲು ಗೋಲ್‌ಕೀಪರ್‌ನ ಅಸಲಿ ಜೆರ್ಸಿಯನ್ನು ಕಡಿಮೆ ಬೆಲೆಗೆ ಕೊಂಡು, ಹೆಸರಿನ ಪಟ್ಟಿ ಕಿತ್ತು, ಅದೇ ತಂಡದ ಪ್ರಸಿದ್ಧ ಗೋಲ್‌ಕೀಪರ್‌ನ ಹೆಸರು ಹೊಲಿದರೆ ಬಟ್ಟೆ ಅಸಲಿ, ಅಳತೆ ಅಸಲಿ, ಫೈಟ್ ಸ್ಟ್ರಾಪ್ ಅಸಲಿ. ಸಂಖ್ಯೆಯೂ ಒಂದೇ ಆಗಿದ್ದರೆ ಮುಟ್ಟುವ ಅಗತ್ಯವೂ ಇಲ್ಲ. ಒಂದು ತಾರೆಯ ಸುಳ್ಳು ಜೆರ್ಸಿ ಹುಟ್ಟುವಾಗ ಒಬ್ಬ ಸಾಮಾನ್ಯನ ನಿಜವಾದ ಜೆರ್ಸಿ ಸಾಯುತ್ತದೆ. ಕೆಲವು ಗೋಲ್‌ಕೀಪರ್‌ಗಳಿಗೆ ಇಡೀ ಜಗತ್ತಿನಲ್ಲಿ ಇದ್ದದ್ದೇ ಎರಡು ಜೆರ್ಸಿ, ಒಂದು ಬಿಳಿ, ಒಂದು ಬಣ್ಣದ್ದು. ಅವುಗಳಲ್ಲೊಂದು ಹೀಗೆ ಹೋದರೆ ಅವರು ಆ ಲೀಗ್‌ನಲ್ಲಿ ನಿಂತಿದ್ದರೆಂಬುದಕ್ಕೆ ಇದ್ದ ಸಾಕ್ಷ್ಯದ ಅರ್ಧ ಅಳಿದಂತೆ. ಹೀಗೆ ಮಾರ್ಪಡಿಸಿದ ಒಂದು ಜೆರ್ಸಿಯನ್ನು ನಾನು ಹರಾಜಿನಲ್ಲಿ ಕೈಯಾರೆ ಪರೀಕ್ಷಿಸಿದ್ದೇನೆ. ಪ್ರಸಿದ್ಧ ಹೆಸರಿನ ಕೆಳಗೆ, ಎರಡಕ್ಷರ ಹೆಚ್ಚು ಉದ್ದದ ಇನ್ನೊಂದು ಹೆಸರಿನ ತೂತುಗಳಿದ್ದವು. ನಡೆಸುವವರಿಗೆ ತೋರಿಸಿದೆ. ಅವರು ಅದನ್ನು ಮಾರಾಟದಿಂದ ಹಿಂತೆಗೆದುಕೊಂಡರು, ಆಮೇಲೆ ಅದು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಹಾಗಾದರೆ ನಾನು ಯಾರ ಜೆರ್ಸಿಗಳನ್ನು ಹುಡುಕುತ್ತೇನೆ? ಕೆಲವರ ಹೆಸರು ಹೇಳುತ್ತೇನೆ, ಇವರೆಲ್ಲ ಸಾರ್ವಜನಿಕ ದಾಖಲೆಯಲ್ಲಿ ಇರುವವರು. ಒಟ್ಟಾವಾ ಸೆನೇಟರ್ಸ್ 1992-93ರಲ್ಲಿ ಲೀಗ್‌ಗೆ ಹೊಸದಾಗಿ ಸೇರಿದಾಗ 84 ಪಂದ್ಯಗಳಲ್ಲಿ 10ನ್ನಷ್ಟೇ ಗೆದ್ದಿತು. ಅದರ ಮುಖ್ಯ ಗೋಲ್‌ಕೀಪರ್ ಪೀಟರ್ ಸಿಡಾರ್ಕೆವಿಚ್ ಅವರ ಲೆಕ್ಕ 8 ಗೆಲುವು, 46 ಸೋಲು, 3 ಸಮ. ಅಂಕಿಗಳನ್ನಷ್ಟೇ ನೋಡುವವರು ನಕ್ಕು ಮುಂದೆ ಹೋಗಬಹುದು, ಆದರೆ ಲೀಗ್‌ನ ಆಯ್ದ ಶ್ರೇಷ್ಠರು ಆಡುವ ಆ ಋತುವಿನ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದವರಲ್ಲಿ ಅವರೂ ಒಬ್ಬರು. ಪ್ರತಿ ರಾತ್ರಿ ಹೊಡೆತಗಳ ಮಳೆಗೆ ಎದೆಯೊಡ್ಡಿದ ಗೋಲ್‌ಕೀಪರ್‌ನ ಜೆರ್ಸಿಯಲ್ಲಿ ಕಪ್ಪು ಗುರುತುಗಳ ಸಾಂದ್ರತೆ ಹೇಗಿರಬಹುದೆಂದು ಯೋಚಿಸಿ. ಗೆಲ್ಲುವ ತಂಡದ ಪ್ರಸಿದ್ಧ ಗೋಲ್‌ಕೀಪರ್‌ನ ಜೆರ್ಸಿ ಅದಕ್ಕಿಂತ ಶುಭ್ರವಾಗಿರುತ್ತದೆ. ಅದೇ ಒಟ್ಟಾವಾದಲ್ಲಿ 2015ರ ಫೆಬ್ರವರಿಯಲ್ಲಿ, ಇಬ್ಬರು ಗೋಲ್‌ಕೀಪರ್‌ಗಳಿಗೂ ಗಾಯವಾದಾಗ ಕೆಳಹಂತದಿಂದ ಬಂದ ಆಂಡ್ರ್ಯೂ ಹ್ಯಾಮಂಡ್ 20 ಪಂದ್ಯ ಗೆದ್ದು, ನಿಗದಿತ ಅವಧಿಯಲ್ಲಿ ಒಂದನ್ನೇ ಸೋತು, ಹಿಂದೆ ಬಿದ್ದಿದ್ದ ತಂಡವನ್ನು ಪ್ರಶಸ್ತಿಗಾಗಿ ಆಡುವ ಕೊನೆಯ ಸುತ್ತುಗಳಾದ ಪ್ಲೇಆಫ್‌ಗೆ ಮುಟ್ಟಿಸಿದರು. ಅಂಥ ಎರಡು ತಿಂಗಳು ಅವರಿಗೆ ಮತ್ತೆ ಬರಲಿಲ್ಲ.

ನ್ಯೂಜೆರ್ಸಿ ತಂಡದ ಸ್ಕಾಟ್ ಕ್ಲೆಮೆನ್ಸನ್ ಅವರ ಕಥೆ ನನಗೆ ಇದಕ್ಕಿಂತ ಹತ್ತಿರದ್ದು. ಅವರು ಕಾದದ್ದು ಮಾರ್ಟಿನ್ ಬ್ರೊಡರ್ ಹಿಂದೆ. ಬ್ರೊಡರ್ 2006-07ರಲ್ಲಿ 82ರಲ್ಲಿ 78 ಪಂದ್ಯಗಳನ್ನು ತಾವೇ ಆಡಿದವರು. 2008ರ ನವೆಂಬರ್‌ನಲ್ಲಿ ಬ್ರೊಡರ್ ಅವರ ತೋಳಿಗೆ ಗಾಯವಾದಾಗ ಕ್ಲೆಮೆನ್ಸನ್ ಬಂದು 25 ಪಂದ್ಯ ಗೆದ್ದುಕೊಟ್ಟರು. ಫೆಬ್ರವರಿಯಲ್ಲಿ ಬ್ರೊಡರ್ ಮರಳಿದ ಕೂಡಲೇ ಅವರನ್ನು ಮತ್ತೆ ಕೆಳಹಂತದ ತಂಡಕ್ಕೆ ಕಳುಹಿಸಲಾಯಿತು. ಒಂದೇ ಋತುವಿನ ಒಂದೇ ಜೆರ್ಸಿಯಲ್ಲಿ ಏರಿಕೆಯೂ ಇಳಿಕೆಯೂ ಹೀಗೆ ಒಟ್ಟಿಗೆ ಸಿಗುವುದು ಅಪರೂಪ. 1980ರ ಲೇಕ್ ಪ್ಲ್ಯಾಸಿಡ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡವನ್ನು ಸೋಲಿಸಿ ಚಿನ್ನ ಗೆದ್ದ ಅಮೆರಿಕ ತಂಡದ ಸ್ಟೀವ್ ಜಾನಸ್ಜಾಕ್ ಅವರನ್ನೂ ನೆನೆಯಬೇಕು. ಎಲ್ಲ ಪಂದ್ಯಗಳನ್ನೂ ಜಿಮ್ ಕ್ರೇಗ್ ಆಡಿದರು. ಮೀಸಲು ಗೋಲ್‌ಕೀಪರ್ ಜಾನಸ್ಜಾಕ್ ಆ ಇಡೀ ಕ್ರೀಡಾಕೂಟದಲ್ಲಿ ಒಂದು ಕ್ಷಣವೂ ಮಂಜಿನ ಮೇಲೆ ಆಡದ ಏಕೈಕ ಅಮೆರಿಕನ್ ಆಟಗಾರ. ಆಮೇಲೆ ಎನ್‌ಎಚ್‌ಎಲ್‌ನಲ್ಲಿ ಅವರಿಗೆ ದಕ್ಕಿದ್ದು ಮೂರೇ ಪಂದ್ಯ. ಅದೇ ತಂಡದ ನಾಯಕ ಮೈಕ್ ಎರುಜಿಯೋನಿ ಅವರ ಜೆರ್ಸಿ 2013ರಲ್ಲಿ ಆರು ಲಕ್ಷ ಡಾಲರ್ ದಾಟಿ ಮಾರಾಟವಾಯಿತು. ಅದರ ಬಗ್ಗೆ ನನಗೆ ಗೌರವವಿದೆ. ನನ್ನ ಕಣ್ಣು ಮಾತ್ರ ಬೆಂಚಿನ ಕೊನೆಯಲ್ಲಿ ಕುಳಿತವನ ಅಂಗಿಯ ಮೇಲೆಯೇ ಇರುತ್ತದೆ.

ತಂಡಕ್ಕೆ ಗೋಲ್‌ಕೀಪರ್ ಕೊರತೆಯಾದ ಸಂಜೆ ಮಾತ್ರ ಕರೆಸಿಕೊಳ್ಳುವ ತುರ್ತು ಗೋಲ್‌ಕೀಪರ್‌ಗಳು ಈ ಗುಂಪಿಗೆ ಸೇರುವುದಿಲ್ಲವೆಂಬುದು ನನ್ನ ಅಭಿಪ್ರಾಯ. 2016ರ ಡಿಸೆಂಬರ್ 31ರಂದು ಕೆರೊಲೈನಾ ತಂಡದ ಸಲಕರಣೆಗಳ ಉಸ್ತುವಾರಿ ಹೋರ್ಗೆ ಆಲ್ವೆಸ್ 7.6 ಸೆಕೆಂಡ್ ಗೋಲಿನಲ್ಲಿ ನಿಂತರು. 2018ರ ಮಾರ್ಚ್‌ನಲ್ಲಿ ಶಿಕಾಗೋದಲ್ಲಿ ಸ್ಕಾಟ್ ಫಾಸ್ಟರ್ ಎಂಬ ಲೆಕ್ಕಿಗರು ಬಂದು ಏಳಕ್ಕೆ ಏಳು ಹೊಡೆತಗಳನ್ನು ತಡೆದರು. 2020ರ ಫೆಬ್ರವರಿ 22ರಂದು ಟೊರಾಂಟೊದಲ್ಲಿ, 42 ವರ್ಷದ ಡೇವಿಡ್ ಏರ್ಸ್ ಎದುರಾಳಿ ಕೆರೊಲೈನಾ ಪರವಾಗಿ ಇಳಿದು ಪಂದ್ಯವನ್ನೇ ಗೆಲ್ಲಿಸಿದರು. ಇವರ ಸಾಹಸ ಮನಸ್ಸು ತುಂಬುವಂಥದ್ದು. ಆದರೆ ಆ ಒಂದೇ ರಾತ್ರಿಯಿಂದ ಅವರು ಜಗತ್ತಿಗೆಲ್ಲ ಪರಿಚಿತರಾದರು, ಅವರ ವಸ್ತುಗಳ ನೆಲೆ ವಸ್ತುಸಂಗ್ರಹಾಲಯ. ಹತ್ತು ವರ್ಷ ವೃತ್ತಿಯಾಗಿ ಆಡಿ, ಬಸ್ಸಿನಲ್ಲಿ ಊರೂರು ಸುತ್ತಿ, ನಾಲ್ಕು ಸಂಜೆ ಮೇಲಿನ ಲೀಗ್‌ನಲ್ಲಿ ನಿಂತವನನ್ನು ನೆನೆಯುವವರು ಬೇರೆ ಯಾರೂ ಇಲ್ಲ.

ಅಂಥವರ ಜೆರ್ಸಿಯನ್ನು ಖಚಿತಪಡಿಸುವುದೇ ಕಷ್ಟದ ಕೆಲಸ. ಈಗ ತಂಡಗಳೇ ಋತುವಿಗೆ ಇಷ್ಟು ಸೆಟ್ ಎಂದು ನಿಗದಿಮಾಡಿ, ಪ್ರತಿಯೊಂದಕ್ಕೂ ಚೀಟಿ ಹೊಲಿದು, ಪ್ರಮಾಣಪತ್ರದೊಡನೆ ಮಾರುತ್ತವೆ. ಮೈಗ್ರೇಯಂಥ ಸಂಸ್ಥೆಗಳು ಇದನ್ನೇ ಕಾಯಕ ಮಾಡಿಕೊಂಡಿವೆ. ಅಡಿಡಾಸ್ ಜೆರ್ಸಿಗಳಿದ್ದ ವರ್ಷಗಳಲ್ಲಿ, ಅಂದರೆ 2017-18ರಿಂದ, ಆಟಗಾರರದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ತಯಾರಾಗುತ್ತಿತ್ತು, ಅಂಗಡಿಯಲ್ಲಿ ಮಾರುವಂಥದ್ದು ಇಂಡೋನೇಷ್ಯಾದಲ್ಲಿ, ಆದ್ದರಿಂದ ಕೊರಳಿನ ಚೀಟಿಯೇ ಅರ್ಧ ಉತ್ತರ ಕೊಡುತ್ತಿತ್ತು. ಹಳೆಯದಕ್ಕೆ ಇರುವ ದಾರಿ ಒಂದೇ, ಚಿತ್ರದೊಡನೆ ಹೋಲಿಸುವುದು. ಅಂಕಿಯ ಅಂಚು ಜಾಲರಿ ಬಟ್ಟೆಯ ಎಷ್ಟನೆಯ ರಂಧ್ರದ ಸಾಲಿನಲ್ಲಿದೆ, ಲಾಂಛನದ ಹೊಲಿಗೆ ಎಲ್ಲಿ ತುಸು ವಾಲಿದೆ, ಹೆಸರಿನ ಮೊದಲಕ್ಷರ ಭುಜದ ಹೊಲಿಗೆಯಿಂದ ಎಷ್ಟು ದೂರದಲ್ಲಿದೆ ಎಂಬಿವು ಎರಡು ಜೆರ್ಸಿಗಳಲ್ಲಿ ಒಂದೇ ಆಗಿರುವುದಿಲ್ಲ. ತಾರೆಗಳ ಸಾವಿರಾರು ಚಿತ್ರಗಳಿರುತ್ತವೆ. ಬೆಂಚಿನಲ್ಲಿ ಕುಳಿತವನ ಮೇಲೆ ಕ್ಯಾಮೆರಾ ತಿರುಗುವುದಿಲ್ಲ. ಆತ ಚಿತ್ರದಲ್ಲಿ ಸಿಕ್ಕರೂ ಬೇರೆಯವರ ಚಿತ್ರದ ಹಿನ್ನೆಲೆಯಲ್ಲಿ, ಮಸುಕಾಗಿ ಸಿಗುತ್ತಾನೆ.

ಕಾಪಾಡುವ ಬಗ್ಗೆ ಒಂದೆರಡು ಮಾತು ಸಾಕು. ತೊಳೆಯಬಾರದು. ಬೆವರಿನ ವಾಸನೆ ಮೊದಲ ವರ್ಷ ಕಾಡುತ್ತದೆ, ಗಾಳಿಯಾಡುವ ಕತ್ತಲಿನ ಕಪಾಟಿನಲ್ಲಿ ಅದು ತಾನಾಗಿ ಇಳಿಯುತ್ತದೆ, ತೊಳೆದರೆ ಗುರುತುಗಳೇ ಹೋಗುತ್ತವೆ. ಗೋಲ್‌ಕೀಪರ್ ಜೆರ್ಸಿ ಭಾರ ಹೆಚ್ಚಾದ್ದರಿಂದ ತಂತಿಯ ಹ್ಯಾಂಗರ್‌ಗೆ ನೇತುಹಾಕಿದರೆ ಭುಜ ಜೋಲುತ್ತದೆ. ನಾನು ಆಮ್ಲರಹಿತ ಕಾಗದವನ್ನು ನಡುವೆ ಇಟ್ಟು ಮಡಿಸುತ್ತೇನೆ, ಆರು ತಿಂಗಳಿಗೊಮ್ಮೆ ಮಡಿಕೆಯ ಜಾಗವನ್ನು ಬದಲಿಸುತ್ತೇನೆ.

ಆ ಬೂದುಗೆರೆಯ ವಿಷಯಕ್ಕೆ ಮರಳುತ್ತೇನೆ. ಪಕ್ ಬಡಿದಿದ್ದರೆ ಅದು ಕಪ್ಪಗೆ, ಗಿಡ್ಡಗೆ ಇರಬೇಕಿತ್ತು. ಕಂಬವಾಗಿದ್ದರೆ ಕೆಂಪಿರಬೇಕಿತ್ತು. ಬ್ಲಾಕರ್ ಉಜ್ಜುವುದು ಮಣಿಕಟ್ಟಿನ ಹತ್ತಿರ, ಇಷ್ಟು ಮೇಲೆ ಅಲ್ಲ. ಭೂತಗನ್ನಡಿಯಲ್ಲಿ ನೋಡಿದಾಗ ಅಲ್ಲಿ ಎಳೆಗಳು ಒಂದೇ ದಿಕ್ಕಿಗೆ ಒರಗಿದ್ದವು. ಒಂದು ಪೆಟ್ಟಿನಿಂದ ಬಂದ ಗುರುತಲ್ಲ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಒತ್ತಿ ಜಾರಿಸಿದ್ದರಿಂದ ಬಂದದ್ದು. ಅಳತೆ ಮಾಡಿಟ್ಟುಕೊಂಡೆ, ಕಾರಣ ಹೊಳೆಯಲಿಲ್ಲ.

1970ರಿಂದ 2003ರವರೆಗೆ ಎನ್‌ಎಚ್‌ಎಲ್ ತಂಡಗಳು ಸ್ವಂತ ಅಂಗಳದಲ್ಲಿ ಬಿಳಿ ಜೆರ್ಸಿ ತೊಡುತ್ತಿದ್ದವು, ಹೊರಗೆ ಬಣ್ಣದ್ದು. ನನಗೆ ಗೊತ್ತಿದ್ದ ಈ ಸಂಗತಿಯ ಅರ್ಥ ಹೊಳೆಯಲು ತಡವಾಯಿತು. ಆ ಋತುವಿನಲ್ಲಿ ಒಂದು ತಂಡಕ್ಕೆ ಸ್ವಂತ ಅಂಗಳದಲ್ಲಿ 41 ಪಂದ್ಯಗಳು. ಈ ಜೆರ್ಸಿ ಹೊರಗೆಲ್ಲೂ ಹೋಗಿಲ್ಲ. ಹಾಗಾದರೆ ಅದರ ತೋಳು ಒರಗಿದ್ದು ಯಾವುದಕ್ಕೇ ಆಗಿರಲಿ, ಅದು ಆ ಒಂದೇ ಅಂಗಳದಲ್ಲಿದ್ದ, ಪ್ರತಿ ಸಂಜೆಯೂ ಅದೇ ಜಾಗದಲ್ಲಿದ್ದ ವಸ್ತುವಾಗಿರಬೇಕು. ಅಲ್ಲಿಂದ ನಾನು ಗೋಲ್‌ಕೀಪರ್‌ನ ಚಿತ್ರ ಹುಡುಕುವುದನ್ನು ಬಿಟ್ಟು ಬೆಂಚಿನ ಚಿತ್ರಗಳನ್ನು ಹುಡುಕತೊಡಗಿದೆ. ಆ ಋತುವಿನ ಹಳೆಯ ಪತ್ರಿಕಾ ಚಿತ್ರಗಳ ಒಂದು ಕಂತೆ ಕೊನೆಗೆ ಕೈಗೆ ಬಂತು. ಅದರಲ್ಲೊಂದು, ಗೋಲು ಹೊಡೆದು ಬೆಂಚಿಗೆ ಮರಳುತ್ತಿರುವ ಒಬ್ಬ ಮುಂಚೂಣಿ ಆಟಗಾರನ ಚಿತ್ರ. ಎಲ್ಲರೂ ಅವನತ್ತ ಕೈಚಾಚಿದ್ದಾರೆ. ಅವನ ಹಿಂದೆ, ಅರ್ಧ ಮಸುಕಿನಲ್ಲಿ, ಟೋಪಿ ಹಾಕಿದ ಮೀಸಲು ಗೋಲ್‌ಕೀಪರ್ ಇದ್ದಾರೆ.

ಬೆಂಚಿನ ಬಾಗಿಲನ್ನು ತೆರೆದು ಮುಚ್ಚುವುದು ಬಹುಪಾಲು ಮೀಸಲು ಗೋಲ್‌ಕೀಪರ್‌ನದೇ ಕೆಲಸ. ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬದಲಾಗುವ ಈ ಆಟದಲ್ಲಿ ಒಂದು ಸಂಜೆಗೆ ಅದೆಷ್ಟು ಸಲ ಆ ಬಾಗಿಲು ತೆರೆಯುತ್ತದೋ ಲೆಕ್ಕವಿಲ್ಲ. ಚಿತ್ರದಲ್ಲಿ ಅವರ ಎಡಗೈ ಅಗುಳಿಯ ಮೇಲಿದೆ. ಬಲತೋಳು ಬಾಗಿಲಿನ ಮೇಲಂಚಿಗೆ ಒರಗಿದೆ, ಮೊಣಕೈಗೂ ಮಣಿಕಟ್ಟಿಗೂ ನಡುವೆ. ಜೆರ್ಸಿಯನ್ನು ಮೇಜಿನ ಮೇಲೆ ಹಾಸಿ, ಚಿತ್ರವನ್ನು ಪಕ್ಕದಲ್ಲಿಟ್ಟು, ತೋಳಿನ ಅಂಕಿಯ ಕೆಳತುದಿಯಿಂದ ರಂಧ್ರಗಳ ಸಾಲುಗಳನ್ನು ಎಣಿಸಿದೆ. ಬಾಗಿಲಿನ ಅಂಚು ಚಿತ್ರದಲ್ಲಿ ಎಲ್ಲಿ ತಾಗಿತ್ತೋ, ಗೆರೆ ಅಲ್ಲಿಯೇ ಇತ್ತು.